ಉಜ್ಜಬೇಡಿ, ಸುರಿಯಿರಿ

ಮದುವೆಯ ಮುನ್ನಾದಿನ ದೇರೆಬೈಲಿನ ಆ ಅಂಗಳದಲ್ಲಿ ಎಲ್ಲರೂ ನಗುತ್ತಿದ್ದರು, ರೊಸಾಲಿನ್ ಒಬ್ಬಳನ್ನು ಬಿಟ್ಟು. ಮಗಳು ಆನ್ಸಿಯ ರೋಸು. ಮದುಮಗಳನ್ನು ಕೂರಿಸಿ, ನೆಂಟರೆಲ್ಲ ಸಾಲಾಗಿ ಬಂದು ತೆಂಗಿನ ಹಾಲು ಹಚ್ಚಿ ತಿಕ್ಕುವ ಸಂಭ್ರಮ. ಈ ಮನೆಯಲ್ಲಿ ಮೊದಲ ಕೈ ಯಾವಾಗಲೂ ಲೆತಿಶಿಯಾಬಾಯಿಯದು, ಅಂದರೆ ರೊಸಾಲಿನ್‌ಳ ಗಂಡ ಲಿಗೋರಿಯ ಅಕ್ಕನದು. ಆ ಕೈಯೋ, ದೇವರೇ, ಪಾತ್ರೆ ತಿಕ್ಕುವ ಹಾಗೆ ತಿಕ್ಕುವ ಕೈ!

ಆನ್ಸಿಯ ಚರ್ಮ ತಿಕ್ಕಿಸಿಕೊಳ್ಳುವ ಚರ್ಮವಲ್ಲ. ಸ್ವಲ್ಪ ಉಜ್ಜಿದರೆ ಸಾಕು, ನೀರು ತುಂಬಿದ ಬೊಕ್ಕೆಗಳು ಏಳುತ್ತವೆ. ಇವತ್ತು ಎದ್ದರೆ ನಾಳೆ ಇಗರ್ಜಿಯಲ್ಲಿ ಹೂಗುಚ್ಛ ಹಿಡಿಯುವುದಿರಲಿ, ನೆಟ್ಟಗೆ ನಿಲ್ಲುವುದೂ ಕಷ್ಟ. "ನೀನು ಬಸುರಿಯಾಗಿದ್ದಾಗ ಏಡಿ ತಿಂದದ್ದಕ್ಕೇ ಹೀಗಾದದ್ದು," ಎಂದು ಲೆತಿಶಿಯಾಬಾಯಿ ಅಂದಿನಿಂದ ಇಂದಿನವರೆಗೂ ರೊಸಾಲಿನ್‌ಳನ್ನು ಚುಚ್ಚುತ್ತಲೇ ಬಂದಿದ್ದಳು. ರೊಸಾಲಿನ್ ಊರಿಗೆಲ್ಲ "ಸೆಕೆಯ ಬೊಕ್ಕೆ" ಎಂದು ಹೇಳಿ ಮಗಳಿಗೆ ಉದ್ದ ತೋಳು ತೊಡಿಸಿದಳು. ಮಗಳು ಮಾತ್ರ ಆ ಬೊಕ್ಕೆಯ ಬೆನ್ನುಹತ್ತಿ ಓದಿ, ಈಗ ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ಅದನ್ನೇ ಸಂಶೋಧನೆ ಮಾಡುತ್ತಿದ್ದಳು.

"ಜ್ವರ ಅಂತ ಹೇಳುವ ಪುತಾ. ಹಣೆಗೆ ಮಾತ್ರ ಹಚ್ಚಿ ಬಿಡ್ಲಿ," ಎಂದು ರೊಸಾಲಿನ್ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಸುಳ್ಳು ಎಂತಕ್ಕೆ ಮಮ್ಮಿ? ಮದುವೆ ಆಗುವ ಕೆವಿನ್‌ಗೇ ಗೊತ್ತುಂಟು. ಇವರಿಗೂ ಗೊತ್ತಾಗ್ಲಿ."

ಅಷ್ಟರಲ್ಲಿ ಲೆತಿಶಿಯಾಬಾಯಿ ಸೆರಗು ಸಿಕ್ಕಿಸಿ, ಬಟ್ಟಲು ಹಿಡಿದು ಬಂದೇಬಿಟ್ಟಳು. ಆನ್ಸಿ ಎದ್ದು ನಿಂತು ಮೈಕು ತೆಗೆದುಕೊಂಡಳು. ನೆರೆಯ ತುಳುವರೂ ಬಂದಿದ್ದರಿಂದ ಮನೆಮಾತು ಕೊಂಕಣಿ ಬಿಟ್ಟು ಕನ್ನಡದಲ್ಲೇ ಶುರುಮಾಡಿದಳು.

"ಲೆತಿ ಆಂಟಿ, ಒಂದು ನಿಮಿಷ. ನಮ್ಮ ಚರ್ಮದ ಒಂದೊಂದು ಜೀವಕೋಶದ ಒಳಗೂ ಕೆರಾಟಿನ್ ಅಂತ ನೂಲು ಉಂಟು. ಐದನೇ ನಂಬರಿನದ್ದು, ಹದಿನಾಲ್ಕನೇ ನಂಬರಿನದ್ದು ಜೋಡಿಯಾಗಿ ಹೊಸೆದುಕೊಂಡ್ರೆ ಮಾತ್ರ ಗಟ್ಟಿ, ಹುರಿಹಗ್ಗದ ಹಾಗೆ. ಒಂಟಿಯಾಗಿ ಎರಡೂ ಪ್ರಯೋಜನ ಇಲ್ಲ. ಆ ಹಗ್ಗ ಕೋಶದ ಅಂಚಿಗೆ ಬಿಗಿದುಕೊಂಡು, ಪಕ್ಕದ ಕೋಶವನ್ನೂ ಕೆಳಗಿನ ಪದರವನ್ನೂ ಹಿಡಿದಿಡ್ಲಿಕ್ಕೆ ಸಹಾಯ ಮಾಡ್ತದೆ. ನನ್ನ ಹದಿನಾಲ್ಕನೇ ನಂಬರಿನ ನೂಲಿನಲ್ಲಿ ಹುಟ್ಟಿನಿಂದಲೇ ಒಂದು ಸಣ್ಣ ತಪ್ಪು. ಉಜ್ಜಿದ್ರೆ ಕೋಶವೇ ಹರಿದು ನೀರು ತುಂಬ್ತದೆ. ಅಂಟುವ ರೋಗ ಅಲ್ಲ. ಲ್ಯಾಬಿನಲ್ಲಿ ನನ್ನದೇ ಕೋಶಕ್ಕೆ ಬಣ್ಣ ಹಾಕಿ ಆ ನೂಲನ್ನು ಕಣ್ಣಾರೆ ನೋಡಿದ್ದೇನೆ. ಎಷ್ಟು ಚಂದ ಗೊತ್ತುಂಟಾ! ಹಾಗಾಗಿ ಇವತ್ತು ಉಜ್ಜಬೇಡಿ, ಸುರಿಯಿರಿ."

ತಾನು ಉದ್ದ ತೋಳಿನೊಳಗೆ ಮುಚ್ಚಿಟ್ಟದ್ದನ್ನು ಮಗಳು ಹೀಗೆ ತಲೆಯೆತ್ತಿ ಹೇಳುವುದನ್ನು ಕಂಡು ರೊಸಾಲಿನ್‌ಳ ಎದೆ ಉಬ್ಬಿತು. ಇದು ನನ್ನ ಮಗಳು ಮಾರಾಯ್ರೇ ಎಂದು ಕೂಗಿ ಹೇಳಬೇಕೆನಿಸಿತು.

"ಅದೆಲ್ಲ ಸರಿ," ಎಂದಳು ಲೆತಿಶಿಯಾಬಾಯಿ. "ಆದ್ರೆ ಈ ತಪ್ಪು ಎಲ್ಲಿಂದ ಬಂತು? ನಮ್ಮ ಮನೆತನದಲ್ಲಿ ಇಂಥದ್ದು ಇಲ್ಲ."

ಲಿಗೋರಿ ಬಾಯಿ ಸತ್ತ ಮನುಷ್ಯ. ಅಕ್ಕನ ಎದುರು ಸೀನಲಿಕ್ಕೂ ಅಂಜುವವನು. ಅವನು ಕುರ್ಚಿಯಲ್ಲಿ ಕೂತು, ಶೂಸು ಕಳಚಿ, ಸಾಕ್ಸ್ ಎಳೆದ. ಪಾದದ ತುಂಬ ಹಳೆಯ ಕಲೆ, ಹೊಸ ಬೊಕ್ಕೆ. ಹೆಂಡತಿಗೂ ಅವನು "ಶೂಸು ಕಚ್ಚಿದ್ದು" ಎಂದೇ ಹೇಳಿಕೊಂಡು ಬಂದಿದ್ದ.

"ಇದು ನನ್ನಿಂದ ಅಕ್ಕಾ. ನಿನಗೂ ಉಂಟಲ್ಲ? ನಿನ್ನ ರೋಸಿನ ಮರುದಿನ ನೀನು ಎಂತಕ್ಕೆ ಅತ್ತದ್ದು ಅಂತ ನನಗೆ ಗೊತ್ತುಂಟು."

ಲೆತಿಶಿಯಾಬಾಯಿಯ ಮುಖ ಕೆಂಪಾಯಿತು. ಮುಗಿಯಿತು, ಇನ್ನು ಇವಳು ಬಟ್ಟಲು ಎಸೆದು ಹೋಗುತ್ತಾಳೆ ಎಂದುಕೊಂಡಳು ರೊಸಾಲಿನ್. ಆದರೆ ಮುದುಕಿ ತನ್ನ ಅಂಗೈಯನ್ನೇ ನೋಡುತ್ತ ನಿಂತಳು.

"ನನಗೂ ಹೀಗೇ ಉಜ್ಜಿದ್ರು," ಎಂದಳು ಕೊನೆಗೆ. "ಬೇಡ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ. ಇವಳಿಗೆ ಬಂತು ನೋಡು. ನಮ್ಮ ಮನೆ ಹುಡುಗಿ!" ಆಮೇಲೆ ನೆಂಟರತ್ತ ತಿರುಗಿ ಗದರಿದಳು: "ಕೇಳಿತಲ್ಲ? ಉಜ್ಜುವವರು ಈಚೆ ಬರ್ಲೇಬೇಡಿ!"

ಬಟ್ಟಲನ್ನು ರೊಸಾಲಿನ್‌ಳ ಕೈಗಿಟ್ಟಳು.

"ಮೊದಲು ನೀನು ಹಾಕು, ರೊಸಾ. ಏಡಿಯದ್ದು ತಪ್ಪಲ್ಲ."

ರೊಸಾಲಿನ್‌ಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಅವಳು ಮಗಳ ನೆತ್ತಿಯ ಮೇಲೆ ಹಾಲು ಸುರಿದಳು.