ಪೂರಾ ತೂಕ

ನಾನು ಒಂದು ಶಾಕ್ ಅಬ್ಸಾರ್ಬರ್. ಮೋಟಾರ್ ಸೈಕಲ್ಲಿನ ಸೀಟಿಗೂ ಹಿಂದಿನ ಚಕ್ರಕ್ಕೂ ನಡುವೆ ನಿಂತು, ರಸ್ತೆ ಕೊಡುವ ಪೆಟ್ಟನ್ನು ಮೊದಲು ತಿನ್ನುವವನು. ಪೂರ್ತಿ ಹೆಸರು ಹಿಡಿದು ಯಾರೂ ಕರೆದಿಲ್ಲ. ಎಲ್ಲರಿಗೂ ನಾನು ಬರೀ ಶಾಕ್. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಗಾಡಿ ನಿಂತಿದ್ದರೂ ನನ್ನ ಸ್ಪ್ರಿಂಗು ಭಾರ ಹೊತ್ತು ಬಿಗಿದುಕೊಂಡೇ ಇರುತ್ತದೆ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಒಬ್ಬಳು ನನ್ನ ಕೊಳವೆಗೆ ಎಣ್ಣೆ ಸುರಿದಳು, ಇನ್ನೊಬ್ಬ ಗಾಳಿ ತುಂಬಿದ, ಮೂರನೆಯವನು ಸ್ಪ್ರಿಂಗನ್ನು ಯಂತ್ರದಲ್ಲಿ ಅದುಮಿ ನನಗೆ ತೊಡಿಸಿದ. ಆ ಅದುಮಿದ ಗಳಿಗೆಯೇ ನನ್ನ ಜನ್ಮ. ಅಂದಿನಿಂದ ಬಿಡಿಸಿಕೊಳ್ಳಲು ನೂಕುತ್ತಲೇ ಇದ್ದೇನೆ. ಸ್ಪ್ರಿಂಗು ನೂಕುತ್ತದೆ, ಎಣ್ಣೆ ಹಿಡಿದೆಳೆಯುತ್ತದೆ. ಇಬ್ಬರ ಜಗಳದಲ್ಲಿ ಮೇಲೆ ಕೂತವರಿಗೆ ಸುಖ.

ಮೊದಲ ಮನೆ ಹುಬ್ಬಳ್ಳಿಯ ಒಬ್ಬ ಒಂಟಿ ಸವಾರನದು. ದೂರದ ಪ್ರವಾಸಕ್ಕೆಂದೇ ಮಾಡಿದ ಎತ್ತರದ ಬೈಕು, ಸವಾರನಿಗೆ ಮಾತ್ರ ಒಂದು ಕಡೆ ನಿಲ್ಲುವ ಸಹನೆ ಇರಲಿಲ್ಲ. ಎರಡು ವರ್ಷ ಓಡಿದ್ದೇ ಓಡಿದ್ದು. ಕಲಘಟಗಿ ರಸ್ತೆಯ ತಿರುವಿನಲ್ಲಿ ಒಂದು ದಿನ ಎಮ್ಮೆ ಅಡ್ಡ ಬಂತು. ಎಮ್ಮೆ ಎದ್ದು ಹೋಯಿತು, ಸವಾರನೂ ಕುಂಟುತ್ತ ಎದ್ದ, ಗಾಡಿ ಏಳಲಿಲ್ಲ. ಮುಂಭಾಗವೆಲ್ಲ ಪುಡಿಪುಡಿ, ಹಿಂದಿದ್ದ ನನಗೆ ಒಂದು ಗೀರೂ ಇಲ್ಲ. ಹಿಂದೆ ಇರುವವರಿಗೆ ಸಿಗುವ ಭಾಗ್ಯ ಇದೊಂದೇ.

ಆಮೇಲೆ ಗುಜರಿ ಅಂಗಡಿ. ಸ್ಕೂಟರಿನ ಮಡ್‌ಗಾರ್ಡಿನ ಕೆಳಗೆ ಹದಿನಾಲ್ಕು ತಿಂಗಳು ಬಿದ್ದಿದ್ದೆ. ಸೀಲು ಒಣಗಿತು, ಎಣ್ಣೆ ಹನಿಹನಿಯಾಗಿ ಸೋರಿತು. ಎದುರಿನ ರಸ್ತೆಯಲ್ಲಿ ಗಾಡಿಗಳು ಗುಂಡಿಗೆ ಇಳಿದ ಸದ್ದು ಕೇಳಿದಾಗೆಲ್ಲ ಮೈ ತುರಿಸುತ್ತಿತ್ತು. ಅದನ್ನು ನಾನು ತಿನ್ನಬೇಕಿತ್ತಲ್ಲ ಅನಿಸುತ್ತಿತ್ತು.

ಅಲ್ಲಿಂದ ನನ್ನನ್ನು ಎತ್ತಿದವನು ಹಾವೇರಿಯ ಮೆಕ್ಯಾನಿಕ್ ದಾವಲಸಾಬ. ಎದೆಗೆ ಒತ್ತಿ ಅದುಮಿದ, ಕಿವಿ ಹತ್ತಿರ ಇಟ್ಟು ಆಲಿಸಿದ, ರಾಡಿನ ಮೇಲೆ ಉಗುರು ಎಳೆದು ನೋಡಿದ.

"ಎಣ್ಣಿ ಸೋರೇತಿ, ಖರೆ. ರಾಡ್ ಮಾತ್ರ ಕನ್ನಡಿ ಇದ್ದಂಗ ಐತಿ. ಬದುಕ್ತಾನ ಇವ," ಎಂದ.

ನನ್ನನ್ನು ಬಿಚ್ಚಿ ತೊಳೆದು, ಹೊಸ ಸೀಲು, ಹೊಸ ಎಣ್ಣೆ, ಹೊಸ ಗಾಳಿ ತುಂಬಿದ. ಹಳೆಯ ಸ್ಪ್ರಿಂಗು ತುಕ್ಕು ಹಿಡಿದಿತ್ತು. ಅದನ್ನು ಬದಿಗಿಟ್ಟು ಬೇರೆ ಎರಡನ್ನು ನನಗೆ ಅಳತೆ ನೋಡಿ ತಂದಿಟ್ಟ. ಒಂದು ಮೆತ್ತನೆಯದು, ಒಂದು ಬಿರುಸಿನದು. ಯಾವುದು ತೊಡಿಸಬೇಕೆಂಬುದು ಕೊಳ್ಳಲು ಬರುವವರ ಭಾರದ ಮೇಲೆ.

ಬಂದವರು ಗಂಡ ಹೆಂಡತಿ. ಗಂಡ ಫಕ್ಕೀರೇಶ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ತೂಕದವನು. ಚೀಲ ತೂಕದ ಕಾಟಾಕ್ಕೆ ಏರುತ್ತಲೇ ಅಂಕಿ ನೋಡಿ, ಖಾಲಿ ಚೀಲದ ಭಾರ ಕಳೆದು, ಚೀಟಿ ಹರಿದು ಕೊಡುವ ಕೆಲಸ. ಹೆಂಡತಿ ಕಸ್ತೂರಿ, ಅದೇ ಪೇಟೆಯಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಗುಂಪಿನ ಮುಂದಾಳು. ಆರು ತಿಂಗಳು ಘಾಟು ಕುಡಿದು ದುಡಿಯುತ್ತಾರೆ. ಸೀಜನ್ ಮುಗಿದ ಮಾರನೆಯ ವಾರ ಬೈಕು ಹತ್ತಿ ಹೊರಟುಬಿಡುತ್ತಾರೆ. ಅದೊಂದೇ ಅವರ ಹುಚ್ಚು. ಹಿಂದಿನ ವರ್ಷ ಕನ್ಯಾಕುಮಾರಿಯಿಂದ ಬರುವಾಗ ಅವರ ಗಾಡಿಯ ಶಾಕ್ ಸತ್ತಿತ್ತು. ಸತ್ತ ಶಾಕಿನ ಮೇಲೆ ಎರಡು ದಿನ ಕೂತು ಬಂದ ಕಸ್ತೂರಿಯ ಸೊಂಟದ ಡಿಸ್ಕು ಜಾರಿತು. ಐದು ತಿಂಗಳು ಬೆಲ್ಟು ಕಟ್ಟಿಕೊಂಡು ಮಲಗಿದ್ದಳು. ಈಗಷ್ಟೇ ಎದ್ದಿದ್ದಳು.

"ರಾಣೇಬೆನ್ನೂರಿನ ಕಂತ್ರಾಟದಾರ ಒಬ್ರು ಗಾಡಿ ಮಾರತೀರೇನಂತ ಕೇಳ್ಯಾರ," ಎಂದ ಫಕ್ಕೀರೇಶ. "ಸೋಮವಾರ ಹೇಳ್ತೀನಿ ಅಂದೇನಿ."

"ಸೋಮವಾರತನ ತಡೀರಿ ಅಂದಾಕಿ ನಾನ," ಎಂದಳು ಕಸ್ತೂರಿ. "ರವಿವಾರ ಕುಮಟಾತನ ಹೋಗಿ ನೋಡೂನು. ನಡಾ ಹಿಡೀತಂದ್ರ ಗಾಡಿ ಕೊಟ್ಟಬಿಡೂದು. ಹಿಡೀಲಿಲ್ಲಂದ್ರ ಆ ಮಾತ ಎತ್ತಬಾರ್ದು."

ದಾವಲಸಾಬ ತಲೆ ಕೆರೆದುಕೊಂಡ. "ಕಂಪನಿದು ತರಸಬಹುದು. ಆದ್ರ ಅದರ ರೇಟ್ ಕೇಳಿದ್ರ, ಅಕ್ಕಾರ ನಡಕ್ಕಿಂತ ಮೊದಲ ನಿಮ್ಮ ನಡಾ ಮುರಿತೈತಿ ಫಕ್ಕೀರಣ್ಣ."

ಮೇಜಿನ ಮೇಲೆ ನನ್ನ ಪಕ್ಕ ಇನ್ನೊಬ್ಬನಿದ್ದ. ಪಾರ್ಸೆಲ್ಲಿನಲ್ಲಿ ಬಂದ ಅಗ್ಗದ ಹೊಸಬ. ಬಂಗಾರದ ಬಣ್ಣದ ಕೊಳವೆ, ಕೆಂಪು ಸ್ಪ್ರಿಂಗು. ಫಕ್ಕೀರೇಶನ ಕೈ ಮೊದಲು ಹೋದದ್ದು ಅವನ ಕಡೆಗೇ. ನನ್ನ ಎಣ್ಣೆ ಮರಗಟ್ಟಿತು. ಇನ್ನೊಂದು ಮಳೆಗಾಲ ಗುಜರಿಯಲ್ಲಿ ಕಳೆಯುವುದು ನನ್ನಿಂದಾಗದು.

"ಮದಿವಿ ಗಂಡಿನಂಗ ಅದಾನ ನೋಡ," ಎಂದ ಫಕ್ಕೀರೇಶ.

ದಾವಲಸಾಬ ಹೊಸಬನನ್ನು ಅದುಮಿ ಬಿಟ್ಟ. ಅವನು ಫಟ್ಟನೆ ಎದ್ದು ಮೇಜಿನಿಂದ ನೆಗೆದ. "ನೋಡಿದ್ರಿ? ಒಳಗ ತಡಿಯೂದು ಏನೂ ಇಲ್ಲ, ಬರೇ ಕುಣಿತ. ಅಕ್ಕಾರ್ನ ಹಿಂದ ಕುಂದ್ರಿಸಿ ಕುಣಸ್ತೀರೇನು?"

ಕಸ್ತೂರಿ ಮುಂದೆ ಬಂದಳು. ನನ್ನನ್ನು ನೆಟ್ಟಗೆ ನಿಲ್ಲಿಸಿ, ಎರಡೂ ಅಂಗೈ ಇಟ್ಟು ತನ್ನ ಭಾರವನ್ನೆಲ್ಲ ಹಾಕಿದಳು. ಮೆಣಸಿನಕಾಯಿಯ ಖಾರ ಇಳಿದು ಕೆಂಪಾದ ಅಂಗೈ. ನಾನು ತಗ್ಗಿದೆ. ಕೈ ಸಡಿಲಿಸಿದಾಗ, ಸ್ಪ್ರಿಂಗಿಲ್ಲದಿದ್ದರೂ ಒಳಗಿನ ಗಾಳಿಯ ಬಲದಲ್ಲೇ, ಅವಸರಪಡದೆ ಮೇಲೆ ಬಂದೆ.

"ಇದು ಉಸಿರು ಬಿಟ್ಟಂಗ ಬರತೈತಿ. ಇದ ಇರಲಿ."

"ಹಳೇದು ಕಸ್ತೂರಿ, ಗುಜರಿದು..."

"ನಾನೇನು ಹೊಸಾಕೀ ಅದೇನಿ? ನಾನೂ ರಿಪೇರಿ ಆಗಿ ಬಂದಾಕೀನ."

ದಾವಲಸಾಬ ನಕ್ಕ. ಆಮೇಲೆ ಬೆರಳೆತ್ತಿ ಹೇಳಿದ: "ಆದ್ರ ಒಂದ ಮಾತು. ಅಂದಾಜು ನಡಿಯಂಗಿಲ್ಲ. ನೀವಿಬ್ರು, ಪೆಟ್ಟಿಗಿ, ಚೀಲ, ಎಲ್ಲಾ ತೂಗಿ ಚೀಟಿ ತರ್ರಿ. ನೂರಾ ಎಂಬತ್ತು ಕಿಲೋದ ಒಳಗ ಬಂದ್ರ ಮೆತ್ತಂದು. ಮ್ಯಾಲ ಹೋದ್ರ ಬಿರಸಂದು."

"ಏ, ತೂಕದ ಮಾತು ನನಗ ಹೇಳ್ತೀಯೇನೋ ದಾವಲಾ? ಇಪ್ಪತ್ತೆರಡು ವರ್ಷದಾಗ ನನ್ನ ಚೀಟಿ ಒಂದ ಸಲಾನೂ ತಪ್ಪಿಲ್ಲ."

ಮರುದಿನವೇ ಚೀಟಿ ಬಂತು. ಆರು ಅಂಕಿ, ಕೆಳಗೆ ಗೆರೆ, ಮೊತ್ತ ನೂರ ಎಪ್ಪತ್ತೊಂಬತ್ತು. ದಾವಲಸಾಬ ನನಗೆ ಮೆತ್ತನೆಯ ಸ್ಪ್ರಿಂಗು ತೊಡಿಸಿ ಗಾಡಿಗೆ ಕೂರಿಸಿದ. ಚೀಟಿಯ ಹಿಂದೆ ತನ್ನ ಫೋನ್ ನಂಬರು ಬರೆದು, "ಏನರ ಆದ್ರ ಹಚ್ರಿ," ಎಂದು ವಾಪಸು ಕೊಟ್ಟ.

ರವಿವಾರ ಬೆಳಿಗ್ಗೆ ಹೊರಟೆವು. ಹಾವೇರಿ ದಾಟುವವರೆಗೆ ರಸ್ತೆ ನುಣುಪು, ನನಗೆ ಹಬ್ಬ. ಕಸ್ತೂರಿ ಗಂಡನ ಬೆನ್ನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಹಾನಗಲ್ಲಿನ ಬಳಿ ಒಂದು ಉಬ್ಬು ಬಂತು. ಚಕ್ರ ಏರಿತು, ನಾನು ತಗ್ಗಿದೆ, ಇನ್ನೂ ತಗ್ಗಿದೆ, ತಗ್ಗುತ್ತಲೇ ಹೋದೆ. ಧಡ್! ನನ್ನ ತಳದ ರಬ್ಬರು ಬಡಿಯಿತು. ನಾನು ತಿನ್ನದೆ ಬಿಟ್ಟ ಪೆಟ್ಟು ನೇರ ಅವಳ ಸೊಂಟಕ್ಕೆ ಹೋಯಿತು.

ತಾಳ ನಿಂತಿತು.

ಏನಾಯಿತು ನನಗೆ? ಸೀಲು ಹೊಸದು, ಎಣ್ಣೆ ಹೊಸದು. ಭಾರ ಹೇಳಿದಷ್ಟೇ ಇದ್ದರೆ ನಾನು ತಡೆಯಬೇಕಿತ್ತು. ಮುಂದಿನ ಗುಂಡಿಗೆ ಹಲ್ಲು ಕಚ್ಚಿ ಕಾದೆ. ಮತ್ತೆ ಧಡ್. ಶಿರಸಿ ಬರುವಷ್ಟರಲ್ಲಿ ನಾಲ್ಕು ಸಲ ತಳ ಬಡಿದೆ. ಪ್ರತಿ ಸಲವೂ ಅವಳು ಉಸಿರು ಒಳಗೆಳೆದುಕೊಳ್ಳುವುದು ಸೀಟಿನ ಮೂಲಕ ನನಗೆ ತಿಳಿಯುತ್ತಿತ್ತು. ಬಂಗಾರದ ಬಣ್ಣದವನೇ ಆಗಿದ್ದರೂ ಇಷ್ಟು ಕೆಡುತ್ತಿರಲಿಲ್ಲವೇನೋ ಎಂದು ಮೊದಲ ಸಲ ನನ್ನ ಮೇಲೆ ನನಗೇ ಸಂಶಯ ಬಂತು.

ದೇವಿಮನೆ ಘಟ್ಟ ಇಳಿಯುವ ಮೊದಲು ಒಂದು ಚಹಾದ ಗೂಡಂಗಡಿ. ಫಕ್ಕೀರೇಶ ಗಾಡಿ ನಿಲ್ಲಿಸಿದ. ಕಸ್ತೂರಿ ಇಳಿದು, ಎರಡೂ ಕೈ ಸೊಂಟದ ಮೇಲಿಟ್ಟು, ನನ್ನ ಪಕ್ಕದಲ್ಲೇ ನಿಂತಳು. ಅವನು ಹೆಲ್ಮೆಟ್ ತೆಗೆಯಲೂ ಇಲ್ಲ, ಫೋನ್ ತೆಗೆದ.

"ಯಾರಿಗೆ?"

"ಕಂತ್ರಾಟದಾರಗ. ಮುಗೀತು ಬಿಡ. ನಿನ್ನ ಮುಖ ಕನ್ನಡ್ಯಾಗ ಕಾಣತೈತಿ ನನಗ."

"ತಡೀರಿ ಸ್ವಲ್ಪ. ದಾವಲಣ್ಣಗ ಒಂದ ಮಾತ ಕೇಳೂನು. ನಂಬರ್ ಎಲ್ಲೈತಿ?"

ಅವನು ಕಿಸೆಯಿಂದ ಚೀಟಿ ತೆಗೆದು ಕೊಟ್ಟ. ಅವಳು ನಂಬರಿಗಾಗಿ ಹೊರಳಿಸಿದಳು. ಹೊರಳಿಸುವಾಗ ಮುಂಬದಿಯ ಅಂಕಿಗಳ ಮೇಲೆ ಕಣ್ಣು ಬಿತ್ತು. ಅಲ್ಲೇ ನಿಂತಿತು.

"ರೀ, ನಿಮ್ಮ ತೂಕ ಎಷ್ಟು?"

"ಬರದೇನಲ್ಲ. ಎಂಬತ್ನಾಕು."

"ಹೋದ ವಾರ ದವಾಖಾನ್ಯಾಗ ನನ್ನ ಜೋಡಿ ನೀವೂ ಮಶೀನ್ ಮ್ಯಾಲ ನಿಂತಿದ್ರಿ. ಎಂಬತ್ತಾರು ಇತ್ತು. ನಂದು ಅರವತ್ತೆಂಟು. ಇಲ್ಲೆ ಅರವತ್ತಾರು ಅಂತೈತಿ."

"ಕಾಟಾದಾಗ ನಾನ ನಿಂತು ನಾನ ನೋಡೇನಿ..." ಎಂದವನು ಅಲ್ಲಿಗೇ ನಿಂತ. ತನ್ನ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿದ.

"ಏನಾತ್ರಿ?"

"ಚೀಲ," ಎಂದ ಮೆಲ್ಲಗೆ. "ಚೀಲದ ತೂಕ ಕಳದೇನಿ."

ಸೀಜನ್ನಿನಲ್ಲಿ ದಿನಕ್ಕೆ ನೂರಾರು ಚೀಲ, ಪ್ರತಿ ಚೀಲಕ್ಕೂ ಎರಡು ಕಿಲೋ ಕಳೆದು ಬರೆದ ಕೈ ಅದು. ತಾನು ನಿಂತಾಗಲೂ ಕಳೆಯಿತು, ಹೆಂಡತಿ ನಿಂತಾಗಲೂ ಕಳೆಯಿತು, ಮೂರು ಪೆಟ್ಟಿಗೆ, ಒಂದು ಟ್ಯಾಂಕ್ ಬ್ಯಾಗು, ಎಲ್ಲಕ್ಕೂ ಕಳೆಯಿತು. ಆರು ಸಲ ಎರಡೆರಡು. ಹನ್ನೆರಡು ಕಿಲೋ ಚೀಟಿಯಲ್ಲಿ ಇಲ್ಲದೆ ನನ್ನ ಮೇಲೆ ಕೂತಿತ್ತು.

ಕಸ್ತೂರಿ ನಗತೊಡಗಿದಳು. ಸೊಂಟ ಹಿಡಿದುಕೊಂಡು, ಅಯ್ಯಯ್ಯೋ ಎನ್ನುತ್ತ ನಕ್ಕಳು. "ಎಲಾ ಇವರ! ಕಟಗೊಂಡ ಹೇಣ್ತಿನ್ನ ಚೀಲದಾಗ ತುಂಬಿ ತೂಗ್ಯಾರಲ್ಲ! ಇಪ್ಪತ್ತೆರಡು ವರ್ಷ ತಪ್ಪಿಲ್ಲ ಅಂತೀರಿ?"

"ಮೆಣಸಿನಕಾಯಿ ಆಗಿದ್ರ ಸರೀನ ಇತ್ತದು," ಎಂದ ಫಕ್ಕೀರೇಶ. ಕಿವಿ ಕೆಂಪಾಗಿತ್ತು.

ಫೋನಿನಲ್ಲಿ ದಾವಲಸಾಬ ಮೊದಲು ಬೈದ. ಆಮೇಲೆ ದಾರಿ ಹೇಳಿದ. "ಸೀಟಿನ ಕೆಳಗ ಕೊಕ್ಕಿ ಪಾನಾ ಇಟ್ಟೇನಿ. ಸ್ಪ್ರಿಂಗಿನ ಮ್ಯಾಲ ಬಳಿಯಂಥ ರಿಂಗ್ ಐತಿ, ಅದನ್ನ ಮೂರು ಸುತ್ತು ಬಿಗೀರಿ. ಗಾಡಿ ಎತ್ತರ ಆಗಿ ಅವಗ ತಗ್ಗಾಕ ಜಾಗ ಸಿಗತೈತಿ. ಎರಡು ಪೆಟ್ಟಿಗಿ ಅಲ್ಲೇ ಇಳಸ್ರಿ. ಸಾವಕಾಶ ಹೋಗ್ರಿ. ವಾಪಸ್ ಬಂದ ಮ್ಯಾಲ ಬಿರಸಂದು ಹಾಕ್ತೀನಿ."

ಪೆಟ್ಟಿಗೆ ತೆಗೆದರೆ ಒಂದರ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದರಲ್ಲಿ, ಯಾರಿಗೆಂದು ಇಬ್ಬರಿಗೂ ಗೊತ್ತಿಲ್ಲದ ಮೆಣಸಿನಕಾಯಿ. ಬ್ಯಾಡಗಿಯವರು ಬರಿಗೈಯಲ್ಲಿ ಊರು ಬಿಡುವುದಿಲ್ಲ. ಚಹಾದಂಗಡಿಯ ಮುದುಕಿಗೆ ಒಂದು ಹಿಡಿ ಕಾಯಿ ಕೊಟ್ಟು, ಪೆಟ್ಟಿಗೆಗಳನ್ನು ಅವಳ ಬೆಂಚಿನ ಕೆಳಗೆ ಸರಿಸಿದರು. ಫಕ್ಕೀರೇಶ ರಸ್ತೆಯಂಚಿನಲ್ಲಿ ಮಂಡಿಯೂರಿ ಪಾನಾ ಹಾಕಿದ. ಬಳೆ ಬಿಗಿಯಾಗಿತ್ತು, ಪಾನಾ ಜಾರಿ ಅವನ ಗೆಣ್ಣಿನ ಚರ್ಮ ಸುಲಿಯಿತು. ಅವನು ನಿಲ್ಲಿಸಲಿಲ್ಲ. ಕಸ್ತೂರಿ ಎಣಿಸಿದಳು. "ಒಂದು. ಎರಡು. ಮೂರು. ಕಳೀಬ್ಯಾಡ್ರಿ ಮತ್ತ!"

ಹೊರಟಾಗ ನಾನು ಒಂದು ಬೆರಳು ಎತ್ತರ ನಿಂತಿದ್ದೆ. ಆದರೂ ನೆಮ್ಮದಿಯಿಲ್ಲ. ಮೆತ್ತನೆಯ ಸ್ಪ್ರಿಂಗು ಮೆತ್ತನೆಯದೇ. ಘಟ್ಟದ ತಿರುವು ಒಂದಾದ ಮೇಲೊಂದು ಬಂತು. ಪ್ರತಿ ತಿರುವಿನಲ್ಲೂ, ಮುಂದಿನದು ಹೇಗೋ ಎಂಬ ಅಂಜಿಕೆ. ಅರ್ಧ ಇಳಿದಿದ್ದೆವು. ಮರದ ನೆರಳಿನಲ್ಲಿ ಕಾಣದೆ ಮಲಗಿದ್ದ ಒಂದು ಗುಂಡಿ, ಗೇಣು ಆಳದ್ದು. ಫಕ್ಕೀರೇಶ ಬ್ರೇಕು ಹಿಡಿಯುವಷ್ಟರಲ್ಲಿ ಚಕ್ರ ಬಿತ್ತು, ಎದ್ದಿತು. ನಾನು ತಗ್ಗಿದೆ. ಎಣ್ಣೆ ತನ್ನ ಸಣ್ಣ ತೂತುಗಳಲ್ಲಿ ಸುಡುತ್ತ ನುಗ್ಗಿತು. ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಮುಟ್ಟುವಷ್ಟು ಹತ್ತಿರ ಬಂದವು. ತಳಕ್ಕೆ ಇನ್ನು ಕಾಳು ಮೆಣಸಿನಷ್ಟು ಜಾಗವಿತ್ತು.

ಅಲ್ಲಿ ನಿಂತೆ. ನಿಂತು, ಮೆಲ್ಲಗೆ ಎದ್ದೆ.

ಕಸ್ತೂರಿಗೆ ಅದು ಗೊತ್ತೇ ಆಗಲಿಲ್ಲ. ಅವಳು ಕಣಿವೆಯಲ್ಲಿ ಏನನ್ನೋ ಗಂಡನಿಗೆ ತೋರಿಸುತ್ತಿದ್ದಳು. ನನ್ನಂಥವರ ಕೆಲಸಕ್ಕೆ ಇದಕ್ಕಿಂತ ದೊಡ್ಡ ಮಾನ ಯಾವುದೂ ಇಲ್ಲ. ಸ್ವಲ್ಪ ಹೊತ್ತಿಗೆ ಅವನ ಬೆನ್ನ ಮೇಲೆ ಮತ್ತೆ ತಾಳ ಶುರುವಾಯಿತು.

ಕುಮಟಾದಲ್ಲಿ ಅವಳು ಯಾರ ಕೈಯನ್ನೂ ಹಿಡಿಯದೆ ಇಳಿದಳು. ಬಗ್ಗಿದಳು, ಎದ್ದಳು. ಫಕ್ಕೀರೇಶ ನೋಡುತ್ತಿದ್ದ.

"ಹಿಡದೈತೇನು?"

"ಹಿಡದೈತಿ ಸ್ವಲ್ಪ."

ಅವನ ಮುಖ ಇಳಿಯಿತು.

"ಕುಂತು ಹಿಡದದ್ದಲ್ಲ. ನಕ್ಕು ಹಿಡದದ್ದು," ಎಂದಳು. "ಫೋನ್ ಕೊಡ್ರಿ. ಆ ಕಂತ್ರಾಟದಾರಗ ನಾನ ಹೇಳ್ತೀನಿ."

ಮರುವಾರ ದಾವಲಸಾಬ ನನಗೆ ಬಿರುಸಿನ ಸ್ಪ್ರಿಂಗು ತೊಡಿಸಿದ. ಆಮೇಲೆ ಆರು ಸೀಜನ್ ಓಡಿದೆ. ಹಂಪಿಯ ಬಿಸಿಲು, ಕೊಂಕಣದ ಕೆಸರು, ರಾಜಸ್ಥಾನದ ಉಸುಕು. ಎಲ್ಲಿ ತಲುಪಿದರೂ ನನ್ನ ಜೀವ ಮುಂದಿನ ಗುಂಡಿಯ ಮೇಲೆ. ಅವರಿಬ್ಬರೂ ಹಾಗೇ. ಊರು ಮುಟ್ಟಿದ ದಿನವೇ ಮುಂದಿನ ವರ್ಷದ ದಾರಿಯ ಮಾತು.

ಕಡೆಗೆ ನನ್ನ ರಾಡಿಗೂ ಗೀರು ಬಿತ್ತು. ದಾವಲಸಾಬ ಉಗುರು ಎಳೆದು ನೋಡಿ, ಈ ಸಲ ತಲೆ ಅಲ್ಲಾಡಿಸಿದ. ನನ್ನ ಜಾಗಕ್ಕೆ ಇನ್ನೊಬ್ಬ ಬಂದ. ಅವನನ್ನೂ ಕಸ್ತೂರಿಯೇ ಅಂಗೈಯಿಟ್ಟು ಅದುಮಿ ಆರಿಸಿದಳಂತೆ. ನಾನು ಒಂದು ವರ್ಷ ಫಕ್ಕೀರೇಶನ ತೂಕದ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡವಾಗಿ, ಮೆಣಸಿನ ಘಾಟಿನಲ್ಲಿ ಕೂತಿದ್ದೆ.

ಇವತ್ತು ಬೆಳಿಗ್ಗೆ ಗುಜರಿಯವನು ಕೈಗಾಡಿ ತಂದ. ಹಳೆಯ ತಗಡು, ಒಡೆದ ಬಕೆಟ್ಟು, ಕೊನೆಗೆ ನಾನು. ಫಕ್ಕೀರೇಶ ನನ್ನನ್ನು ಕಾಟಾದ ಮೇಲಿಟ್ಟ. ಮೂರು ಕಿಲೋ ಆರುನೂರು. ಅವನ ಕೈ ಚೀಟಿಯ ಮೇಲೆ ತಾನಾಗಿಯೇ ಓಡಿತು: ಒಂದು ಕಿಲೋ ಆರುನೂರು.

"ರೀ," ಎಂದಳು ಬಾಗಿಲಲ್ಲಿ ನಿಂತಿದ್ದ ಕಸ್ತೂರಿ.

ಅವನು ಚೀಟಿ ನೋಡಿದ. ಪೆನ್ನಿನಿಂದ ಹೊಡೆದು ಹಾಕಿದ.

"ಪೂರಾ ಬರೀರಿ," ಎಂದಳು ಅವಳು. "ನಮ್ಮನ್ನ ಹೊತ್ತಾಂವ ಅವ."

ಈಗ ಕೈಗಾಡಿಯಲ್ಲಿ ಹೋಗುತ್ತಿದ್ದೇನೆ. ಈ ಗಾಡಿಗೆ ಶಾಕ್ ಇಲ್ಲ. ಪೇಟೆ ಬೀದಿಯ ಗುಂಡಿಗಳೆಲ್ಲ ಹಾಗೇ ಬಡಿಯುತ್ತಿವೆ. ನನ್ನ ಕೊಳವೆಯಲ್ಲಿ ಎಣ್ಣೆಯಿಲ್ಲ, ಮೇಲೆ ಭಾರವಿಲ್ಲ, ಮುಂದೆ ಯಾವ ಊರೂ ಇಲ್ಲ. ಆದರೂ ಪ್ರತಿ ಗುಂಡಿಗೂ ಒಳಗೊಳಗೇ ತಗ್ಗಲು ನೋಡುತ್ತೇನೆ, ನನ್ನ ಮೇಲೆ ಯಾರೋ ತಾಳ ಹಾಕುತ್ತ ಕೂತಿದ್ದಾರೆ ಎಂಬಂತೆ.