ಅಮಾಸೆ ಕಳೆದ ಮೇಲಿನ ರುಜು

ಸರ್ಕಾರಿ ಕೈಗಾರಿಕಾ ಶಾಲೆಯ ಗುಮಾಸ್ತಗಿರಿ ಶತ್ರುವಿಗೂ ಬೇಡ. ಹನ್ನೊಂದು ವರ್ಷದಿಂದ ಚಿಕ್ಕಮಗಳೂರಿನಲ್ಲಿ ನನ್ನದು ಒಂದೇ ಕೆಲಸ. ಶಾಲೆಯ ಕಮಿಟಿಯ ಮೂವರು ದೊಡ್ಡವರ ಹಿಂದೆ ನಿರ್ಣಯದ ಪುಸ್ತಕ ಹೊತ್ತು ತಿರುಗುವುದು. ಮೈಸೂರು ಸರ್ಕಾರದ ಲೆಕ್ಕದ ವರ್ಷ ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಮೂವರ ರುಜು ಬೀಳದಿದ್ದರೆ ಬಡಗಿ ಮೇಷ್ಟರ ಹಂಗಾಮಿ ಹುದ್ದೆ ರದ್ದು, ಅದರ ಹಣ ವಾಪಸ್ಸು ಖಜಾನೆಗೆ.

ಬಡಗಿ ಮೇಷ್ಟರೆಂದರೆ ಮಾರಯ್ಯ. ಅತ್ತಿಗುಂಡಿಯ ಎಸ್ಟೇಟಿನಲ್ಲಿ ಕೂಲಿಯಾಗಿದ್ದವನು ಉಳಿ ಹಿಡಿದು ಮೇಷ್ಟರಾಗಿದ್ದ. ಮನೆಯಲ್ಲಿ ಐದು ಹೊಟ್ಟೆ, ಸಂಬಳ ಒಂದೇ.

ಆ ವರ್ಷ ಇಬ್ಬರ ರುಜು ಬಿದ್ದಿತ್ತು. ಉಳಿದವರು ಏಲಕ್ಕಿ ವ್ಯಾಪಾರದ ಓಂಕಾರಪ್ಪನವರು. ಖರೀದಿಗೆ ಕಳಸದ ಕಡೆ ಹೋದವರು ಮಳೆಗೆ ಸಿಕ್ಕಿಕೊಂಡು, ಕಡೇ ದಿನ ಬೆಳಿಗ್ಗೆ ಅಂಗಡಿಗೆ ಬಂದು ಕೂತರು. ನಾನೂ ಮಾರಯ್ಯನೂ ಓಡಿದೆವು.

ಅವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಮುಚ್ಚಿಟ್ಟರು. “ಇವತ್ತು ಅಮಾಸೆ ಕಣ್ರೀ. ಬಡವನ ಅನ್ನದ ಕಾಗದಕ್ಕೆ ಇವತ್ತು ರುಜು ಹಾಕೋದುಂಟಾ?”

“ನಾಳೆಗೆ ಹಣಾನೇ ಇರಲ್ಲ ಸಾವ್ಕಾರ್ರೇ!” ಎಂದೆ.

“ಸರ್ಕಾರ ಎಲ್ಲಿಗೆ ಓಡಿಹೋಗ್ತದ್ರೀ?”

ಕಾಲಿಗೆ ಬೀಳಪ್ಪಾ, ಗೋಗರೆಯಪ್ಪಾ ಎಂದು ಮಾರಯ್ಯನಿಗೆ ಕಣ್ಣಲ್ಲೇ ಹೇಳಿದೆ. ಅವನು ಕೈಮುಗಿದು, “ಸಾವ್ಕಾರ್ರು ಹೇಳಿದ್ದೇ ಸರಿ. ಅಮಾಸೇಲಿ ಕೊಂಡ ನಮ್ಮೆಮ್ಮೆ ತಿಂಗ್ಳೂ ಬದುಕ್ಲಿಲ್ಲ. ನಾಳೆನೇ ಆಗ್ಲಿ ಸ್ವಾಮಿ” ಎಂದ.

ಅಯ್ಯೋ ಶಿವನೇ! ಹಣೆ ಹಣೆ ಚಚ್ಚಿಕೊಂಡೆ. ಸಂಜೆಯವರೆಗೆ ಅಂಗಡಿಯ ಜಗುಲಿ ಬಿಡಲಿಲ್ಲ. ಬಾಯಿ ಒಣಗಿತೇ ಹೊರತು ರುಜು ಬೀಳಲಿಲ್ಲ.

ಮರುದಿನ ರಾಹುಕಾಲ ಕಳೆದ ಮೇಲೆ ಓಂಕಾರಪ್ಪನವರು ಪುಸ್ತಕಕ್ಕೆ ಕುಂಕುಮವಿಟ್ಟು, ದುಂಡಗೆ ರುಜು ಹಾಕಿ, ಕೆಳಗೆ ತಾರೀಖನ್ನೂ ಬರೆದರು. ಜುಲೈ ಒಂದು. “ಇನ್ನು ನಿಂಗೆ ಯೋಚ್ನೆ ಇಲ್ಲ ಹೋಗು” ಎಂದು ಮಾರಯ್ಯನಿಗೆ ಮನಸಾರೆ ಹೇಳಿದರು. ಅವರನ್ನು ಬೈಯಲೂ ಆಗಲಿಲ್ಲ ನನಗೆ.

ತಾರೀಖು ತಿದ್ದಬಹುದಿತ್ತು. ಹಿಂದೊಮ್ಮೆ ತಿದ್ದಿ ಸಿಕ್ಕಿಬಿದ್ದು ಅರ್ಧ ತಿಂಗಳ ಸಂಬಳ ದಂಡ ತೆತ್ತಿದ್ದೆ. ಇನ್ನೊಮ್ಮೆ ಸಿಕ್ಕಿದರೆ ಮನೆಗೆ ಕಳಿಸುತ್ತೇನೆಂದು ಆಡಿಟರು ಹೇಳಿಯೇ ಹೋಗಿದ್ದರು. ನನ್ನ ಮನೆಯಲ್ಲೂ ಹೊಟ್ಟೆಗಳಿವೆ. ನಾಚಿಕೆಯಾಯಿತು, ಆದರೂ ತಿದ್ದಲಿಲ್ಲ.

ಮಾರಯ್ಯ ಶಾಲೆಗೆ ಬಂದವನೇ ಹುಡುಗರಿಗೆಲ್ಲ ಬೆಲ್ಲ ಹಂಚಿದ. ನನಗೂ ಒಂದು ಚೂರು ಕೊಟ್ಟ. ಬಾಯಿಗಿಡಲಾಗಲಿಲ್ಲ.

“ಮಾರಯ್ಯ, ಹಣ ಹೋಯ್ತಪ್ಪ. ನಿನ್ನ ಕೆಲಸ ನಿನ್ನೆಗೇ ಮುಗೀತು.”

ಅವನು ನಕ್ಕುಬಿಟ್ಟ. “ತಮಾಷೆ ಮಾಡ್ಬೇಡಿ ಸ್ವಾಮಿ. ಒಳ್ಳೆ ಗಳಿಗೇಲಿ ರುಜು ಬಿದ್ದೈತೆ” ಎಂದು, ಹೊಸ ಹಲಗೆಯೊಂದನ್ನು ಎಳೆದುಕೊಂಡು ಗೆರೆ ಹಾಕಲು ಕೂತ.