ಅಲಮೇಲು ಅತ್ತೆಯ ಹಳದಿ ಚೀಟಿ

ನನ್ನ ಅತ್ತೆ ಅಲಮೇಲು ಬಿದ್ದದ್ದು ಗೋಡೆ ಗಡಿಯಾರ ಸರಿಮಾಡಲು ಹೋಗಿ. ಅದು ಎರಡು ನಿಮಿಷ ಹಿಂದಿತ್ತಂತೆ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಎರಡು ನಿಮಿಷಕ್ಕೋಸ್ಕರ ಸ್ಟೂಲ್ ಹತ್ತುವವರು ರಾಮಮೂರ್ತಿ ನಗರದಲ್ಲಿ ಇನ್ನೊಬ್ಬರಿದ್ದರೆ ನನಗೆ ತೋರಿಸಿ. ಸೊಂಟದ ಮೂಳೆ ಮುರಿದು ನೆಲದ ಮೇಲೆ ಬಿದ್ದಿದ್ದಾಗಲೂ, "ಯಮುನಾ, ಸ್ಟೂಲಿನ ಒಂದು ಕಾಲು ಗಿಡ್ಡ ಕಣೆ. ಹೋದ್ ವರ್ಷಾನೇ ಹೇಳಿದ್ದೆ" ಎಂದರು.

ಅವರು ಟೆಲಿಫೋನ್ ಫ್ಯಾಕ್ಟರಿಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವರು. ಸರಿಯಿದ್ದ ಬಿಡಿಭಾಗಕ್ಕೆ ಹಸಿರು ಚೀಟಿ, ಕೆಟ್ಟದ್ದಕ್ಕೆ ಕೆಂಪು, ತಿದ್ದಿ ಮತ್ತೆ ತರಬೇಕಾದ್ದಕ್ಕೆ ಹಳದಿ. ನಿವೃತ್ತಿಯಾದಾಗ ಉಳಿದ ಚೀಟಿಗಳ ಕಟ್ಟೊಂದು ಇನ್ನೂ ಅವರ ಬೀರುವಿನಲ್ಲಿದೆ. ಮದುವೆಯಾಗಿ ಬಂದ ವಾರವೇ ನನ್ನ ಸಾರಿನ ಪಾತ್ರೆಗೆ ಹಳದಿ ಬಿತ್ತು. ಇಪ್ಪತ್ತೆರಡು ವರ್ಷವಾಯಿತು, ಹಸಿರು ಇನ್ನೂ ಕಂಡಿಲ್ಲ. ಕೋಪ ಇಲ್ಲ ಎಂದರೆ ಸುಳ್ಳಾಗುತ್ತದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವ ಮುಂಚೆ ಡಾಕ್ಟರು ನನ್ನನ್ನೂ ನನ್ನ ಗಂಡ ಗುರುರಾಜನನ್ನೂ ಪಕ್ಕಕ್ಕೆ ಕರೆದರು.

"ಮೂಳೆ ಕೂಡ್ಕೊಳ್ಳುತ್ತೆ. ಈ ವಯಸ್ಸಲ್ಲಿ ಭಯ ಇರೋದು ಆಮೇಲೆ. ಸಿಆರ್‌ಪಿ ಅಂತ ರಕ್ತ ಪರೀಕ್ಷೆ ಇದೆ, ಮೈಯೊಳಗೆ ಉರಿಯೂತ ಎಷ್ಟಿದೆ ಅಂತ ತೋರಿಸುತ್ತೆ. ಅದು ಇಳೀತಾ ಇರ್ಬೇಕು. ಏರಿದ್ರೆ ತಕ್ಷಣ ಫೋನ್ ಮಾಡಿ. ತಡ ಮಾಡಿದ್ರೆ ಜೀವಕ್ಕೇ ಕಷ್ಟ."

ಅತ್ತೆಗೆ ಗೊತ್ತಾಗಬಾರದೆಂದುಕೊಂಡೆವು. ಮನೆ ತಲುಪುವಷ್ಟರಲ್ಲಿ ಅವರು ಫೈಲನ್ನೆಲ್ಲ ಓದಿ ಮುಗಿಸಿದ್ದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಗ್ರಾಫ್ ಎಳೆದರು: ನೂರ ನಲವತ್ತು, ಎಂಬತ್ತೆಂಟು, ಐವತ್ತೆರಡು. ನಡೆಯಲು ಕೊಟ್ಟಿದ್ದ ವಾಕರಿಗೆ ತಮ್ಮ ಹೆಸರಿನ ಒಂದು ಹಳದಿ ಚೀಟಿ ಕಟ್ಟಿಸಿದರು.

ಮುಂದಿನ ಪರೀಕ್ಷೆಗೆ ಮತ್ತೆ ಆಸ್ಪತ್ರೆಗೆ ಹೊರಡುವುದು ಬೇಡವೆಂದು ಕಮ್ಮನಹಳ್ಳಿಯ ಒಂದು ಲ್ಯಾಬಿನಿಂದ ಮನೆಗೇ ಜನ ಕರೆಸಿದೆ. ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. 7.1! ನಾನು ಕೂಗಿದ್ದು ಎದುರು ಮನೆಗೂ ಕೇಳಿಸಿರಬೇಕು. ಗುರುರಾಜ ಮೈಸೂರ್‌ಪಾಕ್ ತಂದ. ಫ್ಯಾಮಿಲಿ ಗ್ರೂಪಿನಲ್ಲಿ ಹೂಗುಚ್ಛಗಳ ಸುರಿಮಳೆ. ಬೆಳಿಗ್ಗೆಯಿಂದ ಅತ್ತೆ ಚಳಿ ಚಳಿ ಎನ್ನುತ್ತಿದ್ದರು. ಫ್ಯಾನ್ ಜೋರಾಗಿದೆ ಎಂದುಕೊಂಡು ಅದನ್ನು ಆರಿಸಿ ಸುಮ್ಮನಾಗಿದ್ದೆವು.

ಅತ್ತೆ ಮಾತ್ರ ಮೈಸೂರ್‌ಪಾಕ್ ಮುಟ್ಟಲಿಲ್ಲ.

"ಮೂರು ದಿನಕ್ಕೆ ಐವತ್ತೆರಡರಿಂದ ಏಳಾ? ಹಂಗೆಲ್ಲ ಬೀಳಲ್ಲ ಕಣೆ. ರೀಡಿಂಗ್ ಒಂದೇ ಸಲ ಎಗರಿದ್ರೆ ಮೊದ್ಲು ಅಳೆಯೋ ಗೇಜ್ ನೋಡ್ಬೇಕು."

"ಅಮ್ಮ, ಒಳ್ಳೆ ಸುದ್ದೀನೂ ರಿಜೆಕ್ಟ್ ಮಾಡ್ತೀಯಲ್ಲ!" ಎಂದ ಗುರುರಾಜ.

"ಭೂತಗನ್ನಡಿ ಕೊಡೋ."

ಮೊಬೈಲನ್ನೂ ಹಳೆಯ ರಿಪೋರ್ಟನ್ನೂ ಅಕ್ಕಪಕ್ಕ ಹಿಡಿದರು. ಆಮೇಲೆ ನನ್ನತ್ತ ನೋಡಿದರು.

"ಆಸ್ಪತ್ರೇಲಿ ಬರೆದಿರೋದು ಒಂದು ಲೀಟರಿನ ಲೆಕ್ಕ. ಇವರದ್ದು ಡೆಸಿಲೀಟರ್, ಅದರ ಹತ್ತರಲ್ಲಿ ಒಂದು ಭಾಗ. ಹತ್ತರಿಂದ ಗುಣಿಸು."

ಎಪ್ಪತ್ತೊಂದು. ಇಳಿದಿರಲಿಲ್ಲ, ಏರಿತ್ತು. ನನ್ನ ಕೈಯಲ್ಲಿದ್ದ ಮೈಸೂರ್‌ಪಾಕನ್ನು ಡಬ್ಬಿಗೆ ವಾಪಸ್ ಹಾಕಿದೆ. ಎಷ್ಟೇ ಜಗಳವಾಡಿದರೂ ಈ ಹೆಂಗಸಿಲ್ಲದ ಮನೆಯನ್ನು ನಾನು ಒಂದು ಸಲವೂ ಊಹಿಸಿಕೊಂಡಿರಲಿಲ್ಲ. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಅತ್ತೆ ಆರಾಮಾಗಿ ಗ್ರಾಫಿನಲ್ಲಿ ಎಪ್ಪತ್ತೊಂದರ ಚುಕ್ಕಿ ಇಡುತ್ತಿದ್ದರು.

ಮೂತ್ರದ ಸೋಂಕು ಎಂದು ತಿಳಿಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಂಜೆಕ್ಷನ್ ಕೊಟ್ಟರು. "ಇನ್ನೆರಡು ದಿನ ಬಿಟ್ಟು ಬಂದಿದ್ರೆ ನಾನೇನೂ ಹೇಳೋಕಾಗ್ತಿರಲಿಲ್ಲ. ಯಾರು ಕಂಡುಹಿಡಿದಿದ್ದು?" ಎಂದು ಡಾಕ್ಟರು ಕೇಳಿದಾಗ ಅತ್ತೆ ಮಂಚದಿಂದಲೇ ಕೈ ಎತ್ತಿದರು. ಆಮೇಲಿನ ಪರೀಕ್ಷೆಗಳೆಲ್ಲ ಅವರ ಅಪ್ಪಣೆಯಂತೆ ಒಂದೇ ಲ್ಯಾಬಿನಲ್ಲಿ: ಮೂವತ್ತು, ಹನ್ನೆರಡು, ನಾಲ್ಕು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ವಾಕರ್ ಬಿಟ್ಟು ಬರೀ ಕೋಲು ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು. ವಾಕರಿನಿಂದ ಬಿಚ್ಚಿದ ಹಳದಿ ಚೀಟಿಯನ್ನು ಸೆರಗಿಗೆ ಪಿನ್ ಮಾಡಿಕೊಂಡಿದ್ದರು. ಒಂದು ಹಸಿರು ಚೀಟಿಯನ್ನು ನನ್ನ ಮುಂದೆ ಹಿಡಿದರು. ಕೊನೆಗೂ ನನ್ನ ಸಾರಿಗೆ ಎಂದುಕೊಂಡು ಹಿಗ್ಗಿದೆ.

"ಸಾರಿಗಲ್ಲ," ಎಂದರು. "ನನ್ನನ್ನ ನಾನೇ ಪಾಸ್ ಮಾಡ್ಕೊಳ್ಳೋ ಹಾಗಿಲ್ಲ. ಅದು ಇನ್ನೊಬ್ಬರು ಮಾಡ್ಬೇಕು. ನನ್ನ ಇನ್ಸ್‌ಪೆಕ್ಟರ್ ನೀನೇ," ಎಂದು ಚೀಟಿ ನನ್ನ ಕೈಗಿಟ್ಟರು.

ಇಪ್ಪತ್ತೆರಡು ವರ್ಷ ನನ್ನನ್ನು ತಪಾಸಣೆ ಮಾಡಿದವರು ಈಗ ನನ್ನೆದುರು ಗೇಟಿನ ತನಕ ನಡೆದು ತೋರಿಸಿದರು. ಎಡಗಾಲು ತುಸು ಎಳೆಯುತ್ತಿತ್ತು, ಬೆನ್ನು ಮಾತ್ರ ನೇರವಾಗಿತ್ತು. ಗೇಟು ಹಿಡಿದು ತಿರುಗಿ, "ಏನಾಯ್ತೇ?" ಎಂದರು.

ನನ್ನ ಕಣ್ಣು ತುಂಬಿತ್ತು. ಹಸಿರು ಚೀಟಿಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

"ಒಂದೇ ರೀಡಿಂಗ್ ನಂಬೋಕಾಗಲ್ಲ ಅತ್ತೆ. ಇನ್ನೊಂದ್ ಸಲ ನಡೀರಿ."